ಡೆಡ್ ಪದದ ಚೀಟಿ

ಬಚ್ಚಲಿನ ಜಾಲರಿ ಎತ್ತಿ, ತುದಿ ಬಗ್ಗಿಸಿದ ತಂತಿಯನ್ನು ಕೊಳವೆಯೊಳಗೆ ಇಳಿಬಿಟ್ಟು ದೊಡ್ಡಮ್ಮ ಮೂರನೇ ಸಲ ಎಳೆಯುತ್ತಿದ್ದರು. ಈ ಸಲ ಬಂದದ್ದು ಗೇಣುದ್ದದ ಕೂದಲ ಹುರಿ. ಸೋಪಿನ ಜಿಡ್ಡು, ಕೊಳೆತ ನಾರು, ಯಾರದೋ ಕಾಲುಗುರಿನ ಚೂರು, ಎಲ್ಲವೂ ಅದಕ್ಕೆ ಮೆತ್ತಿಕೊಂಡಿದ್ದವು. ಅದನ್ನು ಹಳೆಯ ಪತ್ರಿಕೆಯ ಮೇಲೆ ಹಾಕಿ, ಮುಖ ತಿರುಗಿಸದೆ ನೋಡಿದರು.

“ಥೂ, ಅದನ್ನೇನು ಹಾಗೆ ನೋಡ್ತೀಯ ದೊಡ್ಡಮ್ಮ?” ಎಂದಳು ಬಾಗಿಲಲ್ಲಿ ನಿಂತಿದ್ದ ಪುಟ್ಟಿ.

“ಇದು ಎಷ್ಟೋ ವಾಸಿ ಕಣೇ. ಇದು ಅಂಚೆಯಲ್ಲಿ ಯಾರ ಮನೆಗೂ ಹೋಗಲ್ಲ.”

ಅಂಚೆಯಲ್ಲಿ ಹೋದದ್ದರ ನಕಲುಗಳು ಅಡುಗೆಮನೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿದ್ದವು. ಏಳು ಕಾಗದ, ಒಂದೊಂದರಲ್ಲಿ ಎಂಟೆಂಟು ಸಾಲಿನ ಇಂಗ್ಲಿಷ್ ಪದ್ಯ. ಸಾವಾದ ಮನೆಗೆ ಸಂತಾಪದ ಕಾರ್ಡು ತಲುಪಿದ ವಾರದೊಳಗೆ, ಬರೆದವರ ಹೆಸರಿಲ್ಲದೆ, ಇಂಥದೊಂದು ಹಿಂದೆಯೇ ಹೋಗುತ್ತಿತ್ತು. ಸತ್ತವರು ಮಣ್ಣಿನಡಿ ಹೇಗೆ ಕೊಳೆಯುತ್ತಿದ್ದಾರೆಂದು ಮಕ್ಕಳ ಪದ್ಯದ ಕುಣಿತದಲ್ಲಿ ಹೇಳುವ ಸಾಲುಗಳು.

ಸಂತಾಪದ ಕಾರ್ಡುಗಳಿಗೆ ಪದ್ಯ ಬರೆದವಳು ಪುಟ್ಟಿ. ಈ ಹೊಲಸು ಟೈಪಾದದ್ದೂ ಪುಟ್ಟಿಯ ಮೇಜಿನ ಯಂತ್ರದಲ್ಲಿ. ಮದುವೆ, ಹುಟ್ಟುಹಬ್ಬ, ಸಾವಿಗೆಲ್ಲ ಪದ್ಯದ ಕಾರ್ಡು ಮಾಡಿ ಕೊಡುವ ಆ ಕಾರ್ಡ್ ಮನೆಯ ಮಾಲೀಕ ನಾಲ್ಕು ದಿನದ ಹಿಂದೆ ಅವಳನ್ನು ಹೊರಗೆ ಹಾಕಿದ್ದ. ಇವತ್ತು ಸಂಜೆ ಆರಕ್ಕೆ ಅವಳು ಬಂದು ತಪ್ಪೊಪ್ಪಿಗೆಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಕಾಗದಗಳು ಪೊಲೀಸರ ಕೈಗೆ. ಸಹಿ ಹಾಕಿದರೆ ಊರಿನಲ್ಲಿ ಯಾರೂ ಅವಳ ಕೈಗೆ ಮತ್ತೆ ಲೇಖನಿ ಕೊಡುವುದಿಲ್ಲ.

ದೊಡ್ಡಮ್ಮ ಮೂವತ್ತು ವರ್ಷ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ನಿಂತವರು. ಕಲೆ ಕಂಡರೆ ಸಾಕು, ಅದು ಯಾವಾಗ ಬಿತ್ತು, ಎಷ್ಟು ಸಲ ಉಜ್ಜಿದ್ದಾರೆ, ಮನೆಯವರಿಂದ ಹೇಗೆ ಮುಚ್ಚಿಟ್ಟಿದ್ದಾರೆ ಎಂದು ಹೇಳಬಲ್ಲವರು. ಹಾಗೆ ಹೇಳಿ ಹೇಳಿಯೇ ಜನ ಬಟ್ಟೆಯ ಜೊತೆ ಬೇರೆ ಗುಟ್ಟುಗಳನ್ನೂ ಹೊತ್ತು ತರತೊಡಗಿದ್ದು. ಇಂಗ್ಲಿಷ್ ಮಾತ್ರ ಅವರಿಗೆ ಅಷ್ಟಕ್ಕಷ್ಟೇ. ಅಕ್ಷರ ಕೂಡಿಸಿ ಓದುತ್ತಿದ್ದರು, ಅಷ್ಟೇ.

ಕೈಗೆ ಎರಡು ಸಲ ಸೋಪು ಹಾಕಿ ತೊಳೆದು ಬಂದು ಮೇಜಿನ ಮುಂದೆ ಕೂತರು.

“ಮೊದಲಿನದು ತೆಗಿ. ಪೂರ್ತಿ ಓದಬೇಡ. ಸಾಲಿನ ಕೊನೇ ಪದ ಮಾತ್ರ ಹೇಳು.”

“ಯಾಕೆ?”

“ಮಿಕ್ಕಿದ್ದನ್ನ ಕೇಳಿದರೆ ನನಗೆ ಮಧ್ಯಾಹ್ನದ ಊಟ ಸೇರಲ್ಲ. ಅದಕ್ಕೇ.”

ಪುಟ್ಟಿ ಕಾಗದವನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದಳು. ಈ ನಾಲ್ಕು ದಿನದಲ್ಲಿ ಅವಳು ಯಾವುದನ್ನೂ ಎರಡನೇ ಸಾಲು ದಾಟಿ ಓದಿರಲಿಲ್ಲ. “ಬೆಡ್. ಬ್ರೆಡ್. ಡೆಡ್. ಫೆಡ್. ಹೆಡ್. ರೆಡ್...” ಅಲ್ಲಿಗೆ ನಿಂತಳು. “ಶೆಡ್. ಥ್ರೆಡ್. ಅಯ್ಯೋ, ಇದು ಚೀಟಿಯಲ್ಲಿ ಇರೋ ಕ್ರಮದಲ್ಲೇ ಇದೆ!”

“ಯಾವ ಚೀಟಿ?”

“ಪ್ರಾಸದ ಚೀಟಿ. ಕಾರ್ಡ್ ಮನೇಲಿ ನನಗಿಂತ ಮುಂಚೆಯಿಂದ ಪದ್ಯ ಬರೆಯೋ ನಮ್ಮ ಮೇಷ್ಟ್ರು ಮಾಡಿಟ್ಟಿರೋದು. ನೋಡು, ನಮ್ಮ ಹಳೇ ಪದ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರಕ್ಕೆ ಬರತ್ತಲ್ಲ, ಇಂಗ್ಲಿಷಿನವರದು ಸಾಲಿನ ಬಾಲಕ್ಕೆ. ಡೆಡ್ ಅಂತ ಒಂದು ಪದ ಕೊಟ್ಟರು ಅನ್ನು. ಅದರ ತಲೆ ಕತ್ತರಿಸಿ ಹಾಕು. ಎಡ್ ಅನ್ನೋ ಬಾಲ ಉಳೀತು. ಆ ಬಾಲಕ್ಕೆ ಎ, ಬಿ, ಸಿ, ಡಿ ಅಂತ ಒಂದೊಂದೇ ತಲೆ ಅಂಟಿಸ್ತಾ ಹೋಗು. ಅರ್ಥ ಬಂದರೆ ಇಟ್ಕೋ, ಬರದಿದ್ದರೆ ಬಿಸಾಕು.”

“ಕೋಳಿ ಅಂಗಡಿ ಕೆಲಸ ಇದ್ದ ಹಾಗಿದೆಯಲ್ಲೇ.”

ನಾಲ್ಕು ದಿನದಲ್ಲಿ ಮೊದಲ ಸಲ ಪುಟ್ಟಿಯ ತುಟಿ ಸಡಿಲವಾಯಿತು. “ಮೇಷ್ಟ್ರು ಇಪ್ಪತ್ತಾರು ವರ್ಷ ಆ ಅಂಗಡಿ ನಡೆಸಿದ್ದಾರೆ. ಗೋಡೆ ಉದ್ದಕ್ಕೂ ಡ್ರಾಯರು. ಒಂದೊಂದು ಪದಕ್ಕೆ ಒಂದೊಂದು ಚೀಟಿ. ಕಾರ್ಡಿಗೆ ಯಾವ ಪದ ಬಳಸ್ತೀವೋ ಆ ಪದದ ಪಕ್ಕ ಶಾಯಿಯಲ್ಲಿ ಚುಕ್ಕೆ ಇಟ್ಟು ಆರ್ಡರ್ ನಂಬರ್ ಬರೀಬೇಕು. ಒಂದೇ ಜೋಡಿ ಪದ ಅದೇ ಮನೆಗೆ ಇನ್ನೊಂದು ಸಲ ಹೋಗಬಾರದು, ಅದಕ್ಕೆ. ಮೇಷ್ಟ್ರದು ನೇರಳೆ ಚುಕ್ಕೆ. ನನ್ನದು ಹಸಿರು.”

“ನೀನೂ ಹೀಗೇ ಮೇಲಿಂದ ಕೆಳಗೆ ಇಳಿದು ಹುಡುಕ್ತೀಯಾ?”

“ಇಲ್ಲಪ್ಪ. ನನಗೆ ಕಿವಿಗೆ ತಾನಾಗೇ ಬಂದು ಬೀಳತ್ತೆ. ಬರೆದು ಮುಗಿಸಿದ ಮೇಲೆ ಚುಕ್ಕೆ ಇಡೋಕೆ ಮಾತ್ರ ಡ್ರಾಯರು ತೆಗೀತೀನಿ. ಅದಕ್ಕೇ ಮೇಷ್ಟ್ರಿಗೆ ನನ್ನ ಕಂಡರೆ ಆಗಲ್ಲ.”

ದೊಡ್ಡಮ್ಮ ಏಳನೇ ಕಾಗದವನ್ನು ಮುಂದಕ್ಕೆ ತಳ್ಳಿದರು. ಪುಟ್ಟಿ ಮುಖ ತಿರುಗಿಸಿದಳು.

“ಅದು ಬೇಡ. ಅದು ನಾಲ್ಕು ವರ್ಷದ ಮಗುವಿನ ತಾಯಿಗೆ ಹೋದದ್ದು. ಮಗುವಿಗೆ ಇಷ್ಟದ ಬಣ್ಣ ಅಂತ ಕಾರ್ಡಿನ ಅಂಚು ಪಿಂಕ್ ಇರಲಿ ಅಂದಿದ್ದರು. ಇದರಲ್ಲಿ ಪಿಂಕ್‌ಗೆ ಸ್ಟಿಂಕ್ ಅಂತ ಪ್ರಾಸ ಹಾಕಿದ್ದಾರೆ.”

“ಸ್ಟಿಂಕ್ ಅಂದರೆ?”

“ಗಬ್ಬು ವಾಸನೆ.”

ದೊಡ್ಡಮ್ಮ ಕಾಗದವನ್ನು ಮಡಿಚಿ ಕವರಿಗೆ ಹಾಕಿದರು. ಎದ್ದು ಹೋಗಿ ಇನ್ನೊಂದು ಸಲ ಕೈ ತೊಳೆದರು.

* * *

ಕಾರ್ಡ್ ಮನೆಯಲ್ಲಿ ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋಗುತ್ತಾರೆ. ಹೋಗದೆ ಉಳಿಯುವವಳು ಲಕೋಟೆಯಕ್ಕ ಒಬ್ಬಳೇ. ವಿಳಾಸ ಬರೆಯುವುದು, ಲಕೋಟೆ ಅಂಟಿಸುವುದು ಅವಳ ಕೆಲಸ. ಹಿಂಬಾಗಿಲು ತೆಗೆದದ್ದೂ ಅವಳೇ.

“ಬೇಗ ಬನ್ನಿ ಅಕ್ಕಾ. ಮಾಲೀಕರಿಗೆ ಗೊತ್ತಾದರೆ ನನ್ನನ್ನೂ ಲಕೋಟೆಗೆ ಹಾಕಿ ಅಂಟಿಸ್ತಾರೆ.”

“ನೀನು ಹಿಡಿಸೋ ಅಂಥ ಲಕೋಟೆ ಇನ್ನೂ ಯಾರೂ ಮಾಡಿಲ್ಲ ಬಿಡು.”

ಲಕೋಟೆಯಕ್ಕ ದಪ್ಪ ಮೈ ಕುಲುಕಿಸಿ ನಕ್ಕು, ಬಾಯಿಗೆ ಕೈ ಅಡ್ಡ ಹಿಡಿದಳು.

ಒಳಗೆ ಅಂಟಿನ ಕಮಟು ವಾಸನೆ. ಡಬ್ಬಿಯ ಬಾಯಲ್ಲಿ ಅಂಟು ಕೆನೆಗಟ್ಟಿ, ಅದರ ಮೇಲೆ ನೊಣಗಳು ಸತ್ತು ಬಿದ್ದಿದ್ದವು. ಗೋಡೆಯ ಹಲಗೆಗೆ ಧನ್ಯವಾದದ ಕಾಗದಗಳನ್ನು ಪಿನ್ನು ಹಾಕಿ ಸಿಕ್ಕಿಸಿದ್ದರು. ಅವೆಲ್ಲ ಈ ಎರಡು ವರ್ಷದವು. ಎಲ್ಲವೂ ಪುಟ್ಟಿ ಬರೆದ ಪದ್ಯಗಳಿಗೆ ಬಂದವು.

“ಇಪ್ಪತ್ತಾರು ವರ್ಷದಲ್ಲಿ ಮೇಷ್ಟ್ರಿಗೆ ಒಂದೂ ಬರಲಿಲ್ವಾ?”

“ಒಂದು ಬಂದಿತ್ತು. ಕಾರ್ಡಿನ ಕಾಗದ ಚೆನ್ನಾಗಿದೆ ಅಂತ ಬರೆದಿದ್ದರು.”

ಡ್ರಾಯರುಗಳು ಎದೆಯ ಎತ್ತರದವರೆಗೆ ಸಾಲಾಗಿದ್ದವು. ದೊಡ್ಡಮ್ಮ ಡೆಡ್ ಪದದ ಚೀಟಿಯನ್ನು ಹುಡುಕಿ ತೆಗೆದರು. ಅಂಗೈಯಗಲದ ಗಟ್ಟಿ ಕಾಗದ. ಮೇಲೆ ಪದ, ಕೆಳಗೆ ಅದರ ಜೊತೆ ಪ್ರಾಸವಾಗುವ ಪದಗಳು ಒಂದರಡಿ ಒಂದು, ಮೇಷ್ಟ್ರ ಮುತ್ತಿನಂಥ ಅಕ್ಷರದಲ್ಲಿ. ಬೆಡ್ ಪಕ್ಕ ನೇರಳೆ ಚುಕ್ಕೆ, ಹಸಿರು ಚುಕ್ಕೆ. ಬ್ರೆಡ್ ಪಕ್ಕ ನೇರಳೆ. ಶೆಡ್ ಪಕ್ಕ ಏನೂ ಇಲ್ಲ.

ಚುಕ್ಕೆ ಇಲ್ಲದ್ದನ್ನು ಹಿಡಿದು ಯಾರನ್ನು ಕೇಳುವುದು? ಡ್ರಾಯರಿಗೆ ಬೀಗವೂ ಇರಲಿಲ್ಲ.

ಆಗ ಅವರು ಲಾಂಡ್ರಿಯಲ್ಲಿ ಸಾವಿರ ಸಲ ಮಾಡಿದ್ದನ್ನೇ ಮಾಡಿದರು. ಉಜ್ಜಿ ತೆಗೆದ ಕಲೆಯನ್ನು ಎದುರಿನಿಂದ ನೋಡಿದರೆ ಕಾಣುವುದಿಲ್ಲ. ಬಟ್ಟೆಯನ್ನು ಓರೆ ಹಿಡಿದು, ಬೆಳಕು ಅದರ ಮೈ ಸವರಿಕೊಂಡು ಹೋಗುವ ಹಾಗೆ ನೋಡಬೇಕು. ಚೀಟಿಯನ್ನು ಕಿಟಕಿಯ ಹತ್ತಿರ ಒಯ್ದು ಓರೆ ಹಿಡಿದರು.

ಬೆಡ್ ಪದದ ಕೆಳಗೆ ಸಣ್ಣ ಗೆರೆಯೊಂದು ಮೂಡಿತು. ಬಿದಿಗೆಯ ಚಂದ್ರನ ಹಾಗೆ ಬಾಗಿದ ತಗ್ಗು. ಬ್ರೆಡ್ ಕೆಳಗೂ ಅದೇ. ಶೆಡ್ ಕೆಳಗೂ ಅದೇ.

ಉಗುರು.

“ಲಕೋಟೆಯಕ್ಕ, ಪದ ಹುಡುಕುವಾಗ ಉಗುರು ಒತ್ತೋರು ಯಾರು?”

“ಮೇಷ್ಟ್ರು. ಬಲಗೈ ಹೆಬ್ಬೆರಳಿನ ಉಗುರು ಬೆಳೆಸಿದ್ದಾರಲ್ಲ, ಅದನ್ನ ಪದದ ಕೆಳಗೆ ಊರಿಕೊಂಡೇ ಸಾಲು ಬರೆಯೋದು. ನನಗಂತೂ ಅದನ್ನ ನೋಡಿದರೆ ಚಹಾ ಇಳಿಯಲ್ಲ.”

ದೊಡ್ಡಮ್ಮ ಅವಸರ ಮಾಡಲಿಲ್ಲ. ಇಪ್ಪತ್ತು ಚೀಟಿ ತೆಗೆದು ನೋಡಿದರು. ನೇರಳೆ ಚುಕ್ಕೆ ಇದ್ದಲ್ಲೆಲ್ಲ ಉಗುರಿನ ತಗ್ಗೂ ಇತ್ತು. ಹಸಿರು ಚುಕ್ಕೆ ಒಂದೇ ಇದ್ದಲ್ಲಿ ತಗ್ಗಿಲ್ಲ. ಆಮೇಲೆ ಕವರಿನಿಂದ ಏಳು ಕಾಗದ ತೆಗೆದು, ಒಂದೊಂದರ ಕೊನೆಯ ಪದಗಳನ್ನು ಹಿಡಿದು ಹೊರಟರು. ಟೈಮ್ ಚೀಟಿಯಲ್ಲಿ ಸ್ಲೈಮ್. ನಾಟ್ ಚೀಟಿಯಲ್ಲಿ ರಾಟ್. ಲೋಳೆ, ಕೊಳೆತ, ಎಂದು ಲಕೋಟೆಯಕ್ಕ ಅರ್ಥ ಹೇಳಿದಳು. ಯಾವ ಮದುವೆಗೆ, ಯಾವ ಹುಟ್ಟುಹಬ್ಬಕ್ಕೆ ಇಂಥ ಪದ ಬೇಕು? ಅವುಗಳ ಪಕ್ಕ ಇಪ್ಪತ್ತಾರು ವರ್ಷದಲ್ಲಿ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಕೆಳಗೆ ಮಾತ್ರ ಉಗುರು ಆಳವಾಗಿ ಕೂತಿತ್ತು.

ಡೆಡ್‌ಗೆ ಬೆಡ್ ಎಂದು ಪ್ರಾಸ ಹಾಕಲು ಮೇಷ್ಟ್ರಿಗೆ ಚೀಟಿ ಬೇಕೇ? ಶಾಲೆಯ ಮಗುವೂ ಹೇಳೀತು. ಆದರೂ ಆ ಮನುಷ್ಯ ಹೊಲಸು ಬರೆಯಲು ಕೂತಾಗಲೂ ಕೆಲಸದ ಶಿಸ್ತು ಬಿಟ್ಟಿರಲಿಲ್ಲ. ಎದ್ದು ಬಂದು, ಡ್ರಾಯರು ಎಳೆದು, ಚೀಟಿ ತೆಗೆದು, ಉಗುರೂರಿ, ಅಚ್ಚುಕಟ್ಟಾಗಿ ಹೇಸಿಗೆ ಮಾಡಿದ್ದ.

“ಊಟದ ಹೊತ್ತಲ್ಲಿ ಕಳ್ಳರು ಬರ್ತಾರೆ ಅಂತ ಗೊತ್ತಿತ್ತು,” ಎಂದಿತು ಹಿಂದಿನಿಂದ ಒಂದು ಧ್ವನಿ. “ಕಳ್ಳಿಯ ದೊಡ್ಡಮ್ಮನೂ ಬರ್ತಾರೆ ಅಂತ ಗೊತ್ತಿರಲಿಲ್ಲ.”

ಲಕೋಟೆಯಕ್ಕ ಬಾಗಿಲ ಮರೆಗೆ ಸರಿದಳು. ಮೇಷ್ಟ್ರು ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ನರೆತಲೆ, ಬಡಕಲು ಮೈ. ಅರ್ಧ ತಿಂದ ಬನ್ನು ಕೈಯಲ್ಲಿತ್ತು.

“ಬೈಬೇಡಿ ಮೇಷ್ಟ್ರೇ. ನಿಮ್ಮ ಹತ್ರ ಕೆಲಸ ಇತ್ತು, ಬಂದೆ. ಒಂದು ಪದಕ್ಕೆ ಪ್ರಾಸ ಬೇಕಿತ್ತು.”

“ನಿಮಗಾ?” ಮೇಷ್ಟ್ರು ನಕ್ಕರು. “ಯಾವ ಪದಕ್ಕೆ?”

“ಪಿಂಕ್.”

ನಗು ಹಾಗೇ ಇತ್ತು. ಕೈ ಮಾತ್ರ ಆಗಲೇ ಹೊರಟಿತ್ತು. ನೋಡದೆಯೇ ಡ್ರಾಯರು ಎಳೆಯಿತು, ಎಣಿಸದೆಯೇ ಚೀಟಿ ತೆಗೆಯಿತು. ಹೆಬ್ಬೆರಳಿನ ಉಗುರು ಪಟ್ಟಿಯ ಮೇಲೆ ಇಳಿಯತೊಡಗಿತು. ಹಳದಿಗಟ್ಟಿದ, ನಡುವೆ ಸೀಳಿದ ಉಗುರು. ಅಡಿಯಲ್ಲಿ ಒಣಗಿದ ಅಂಟು ಕಪ್ಪಾಗಿ ಕೂತಿತ್ತು.

“ಬ್ಲಿಂಕ್. ಡ್ರಿಂಕ್. ಇಂಕ್. ಲಿಂಕ್. ರಿಂಕ್. ಸಿಂಕ್...”

ಉಗುರು ನಿಂತಿತು.

“ಮುಂದೆ?” ಎಂದರು ದೊಡ್ಡಮ್ಮ.

ಮೇಷ್ಟ್ರು ಚೀಟಿಯಿಂದ ಕಣ್ಣೆತ್ತಲಿಲ್ಲ.

“ನಾನೇ ಹೇಳ್ಲಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ತಪ್ಪಾದರೆ ತಿದ್ದಿ. ಸ್ಟಿಂಕ್. ಅಲ್ಲಿ ಉಗುರು ಕೂರೋಕೆ ಆಗಲೇ ಜಾಗ ಆಗಿದೆ. ಓರೆ ಹಿಡಿದರೆ ಕಾಣತ್ತೆ. ಚುಕ್ಕೆ ಇಲ್ಲ, ನಂಬರ್ ಇಲ್ಲ. ನಾಲ್ಕು ವರ್ಷದ ಮಗು ಮೇಷ್ಟ್ರೇ! ಆ ತಾಯಿ ಕಾಗದ ಒಡೆದು ಓದಿದಾಳೆ.”

ಮೇಷ್ಟ್ರು ಬನ್ನನ್ನು ಮೇಜಿನ ಮೇಲಿಟ್ಟು ಅಂಗಿಗೆ ಬಿದ್ದ ಪುಡಿ ಕೊಡವಿಕೊಂಡರು. ಕೂತರು. ಅಳುತ್ತಾರೇನೋ ಎಂದು ದೊಡ್ಡಮ್ಮ ಒಂದು ಗಳಿಗೆ ಅಂದುಕೊಂಡರು. ಮೇಷ್ಟ್ರು ಅಳಲಿಲ್ಲ.

“ಚೆನ್ನಾಗಿ ನೋಡ್ತೀರಿ,” ಎಂದರು, ಪಾಠ ಒಪ್ಪಿಸಿದ ಹುಡುಗಿಗೆ ಹೇಳುವ ಹಾಗೆ. “ಇನ್ನೊಂದು ನೋಡಿ.”

ಜೇಬಿನಿಂದ ಒಂದು ಕಾಗದ ತೆಗೆದರು. ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ, ಮಡಿಕೆಯ ಗೆರೆಗಳಲ್ಲಿ ಹರಿದಿತ್ತು. ಬೆವರಿನ ಜಿಡ್ಡಿಗೆ ಅಲ್ಲಲ್ಲಿ ಪಾರದರ್ಶಕವಾಗಿತ್ತು.

“ನಿಮ್ಮ ಹತ್ರ ಏಳಿದೆ. ಇದು ಎಲ್ಲಕ್ಕೂ ಮೊದಲಿನದು. ಹನ್ನೊಂದು ತಿಂಗಳ ಹಿಂದೆ ನನ್ನ ಹೆಂಡತಿ ತೀರಿಕೊಂಡಳಲ್ಲ, ಮೂರನೇ ದಿನ ಇದು ನನ್ನ ಮನೆಗೆ ಬಂತು. ನಿನ್ನಂಥವನ ಜೊತೆ ಬಾಳೋ ಹೆಂಗಸು ಬದುಕಿದ್ದೂ ಹೆಣ ಅಂತ ಬರೆದಿದೆ. ಕೊನೇ ಪದ ಓದಿ.”

ದೊಡ್ಡಮ್ಮ ಅಕ್ಷರ ಕೂಡಿಸಿದರು. ಲೈಫ್. ವೈಫ್. ನೈಫ್.

“ಈಗ ಲೈಫ್ ಚೀಟಿ ತೆಗೀರಿ. ಓರೆ ಹಿಡೀರಿ, ನಿಮಗೆ ಬರತ್ತಲ್ಲ.”

ತೆಗೆದರು. ಓರೆ ಹಿಡಿದರು. ನೈಫ್ ಎಂಬ ಪದದ ಪಕ್ಕ ಚುಕ್ಕೆ ಇರಲಿಲ್ಲ. ಕೆಳಗೆ ಉಗುರೂ ಇರಲಿಲ್ಲ. ಕಾಗದ ಹೊಸದರ ಹಾಗೆ ನುಣುಪಾಗಿತ್ತು.

“ಇದು ನನ್ನ ಡ್ರಾಯರಿನಿಂದ ಹೋದ ಪ್ರಾಸ ಅಲ್ಲ,” ಎಂದರು ಮೇಷ್ಟ್ರು. “ಕಿವಿಯಿಂದ ಬಂದದ್ದು. ಈ ಮನೆಯಲ್ಲಿ ಚೀಟಿ ಮುಟ್ಟದೆ ಪ್ರಾಸ ಹಾಕೋರು ಯಾರು ತಾಯಿ? ನೀವೇ ಹೇಳಿ.”

ದೊಡ್ಡಮ್ಮ ಚೀಟಿ ಕೆಳಗಿಟ್ಟರು. ಆದರೂ ಸೋಲಲಿಲ್ಲ.

“ಅವಳೇ ಬರೆದಳು ಅಂತ ಇಟ್ಕೊಳ್ಳೋಣ. ಬೈಬೇಕಿದ್ದರೆ ಅವಳನ್ನ ಕರೆದು ಬೈಬೇಕಿತ್ತು. ಆ ಏಳು ಮನೆಯವರು ನಿಮಗೇನು ಮಾಡಿದ್ದರು?”

“ಏನೂ ಮಾಡಿಲ್ಲ. ಅವಳ ಕಾರ್ಡು ಹೋದ ಮನೆಗೇ ಹೋದರೆ ತಾನೇ ಅವಳ ಮೇಲೆ ಬರೋದು?” ಇಷ್ಟು ಸಣ್ಣ ಲೆಕ್ಕ ತಿಳಿಯುವುದಿಲ್ಲವೇ ಎನ್ನುವ ಹಾಗೆ ಮೇಷ್ಟ್ರು ನೋಡಿದರು. “ಮೊದಲನೆಯದು ಬರೆಯೋಕೆ ಕಷ್ಟ ಆಯ್ತು. ಆಮೇಲೆ, ನಿಜ ಹೇಳ್ತೀನಿ, ಸಲೀಸಾಯ್ತು. ಇಪ್ಪತ್ತಾರು ವರ್ಷ ಕಂಡವರ ಸಾವಿಗೆಲ್ಲ ಅಳೋ ಪದ ಹುಡುಕಿದೆ. ಈ ಡ್ರಾಯರುಗಳಲ್ಲಿ ಅರ್ಧಕ್ಕೆ ಅರ್ಧ ಪದ ಒಂದು ಸಲವೂ ಬಳಕೆ ಆಗಿರಲಿಲ್ಲ. ನಾನೇ ಕೂಡಿಟ್ಟ ಪದಗಳು ತಾಯಿ. ಅವಕ್ಕೂ ಒಂದು ಕೆಲಸ ಸಿಕ್ಕಿತು.”

ದೊಡ್ಡಮ್ಮ ಜೀವನದಲ್ಲಿ ರಕ್ತದ ಬಟ್ಟೆ ಮುಟ್ಟಿದ್ದರು, ವಾಂತಿಯ ಬಟ್ಟೆ ಮುಟ್ಟಿದ್ದರು, ಹುಳ ಬಿದ್ದ ಹಾಸಿಗೆಯ ಹೊದಿಕೆ ಮುಟ್ಟಿದ್ದರು. ಯಾವತ್ತೂ ಮೂಗು ಮುಚ್ಚಿಕೊಂಡವರಲ್ಲ. ಈಗ ಸೆರಗು ತಾನಾಗೇ ಮೂಗಿಗೆ ಹೋಯಿತು.

“ಸಂಜೆ ಆರಕ್ಕೆ ನಾನು ಮಾಲೀಕರ ಮುಂದೆ ಈ ಚೀಟಿಗಳನ್ನ ಇಡ್ತೀನಿ.”

“ಇಡಿ. ನೀವು ಉಗುರಿನ ಮಾತು ಎತ್ತಿದ ಗಳಿಗೆಗೆ ನಾನು ಈ ಕಾಗದ ಇಡ್ತೀನಿ. ಹೆಂಡತಿ ಸತ್ತ ಮನೆಗೆ ಇದನ್ನ ಬರೆದವಳು ಮಿಕ್ಕ ಏಳನ್ನೂ ಬರೆದಿರ್ತಾಳೆ, ನನ್ನ ಚೀಟಿಗೆ ಉಗುರೂ ಅವಳೇ ಒತ್ತಿರ್ತಾಳೆ ಅಂತೀನಿ. ಮಾಲೀಕರು ಯಾರ ಮಾತು ನಂಬ್ತಾರೆ?”

“ಇದರಲ್ಲಿ ಅವಳ ಹೆಸರೆಲ್ಲಿದೆ? ಸಹಿ ಎಲ್ಲಿದೆ?”

ಮೇಷ್ಟ್ರು ಮೊದಲ ಸಲ ಕಣ್ಣು ತಗ್ಗಿಸಿದರು.

“ಅದೊಂದು ಇಲ್ಲ,” ಎಂದರು. “ಅದೊಂದು ಇದ್ದಿದ್ದರೆ ನಾನು ಏಳು ಬರೀಬೇಕಾಗಿರಲಿಲ್ಲ.”

ದೊಡ್ಡಮ್ಮ ಚೀಟಿಗಳನ್ನು ಜೋಡಿಸಿ ಕವರಿಗೆ ಹಾಕಿದರು. ಪಿಂಕ್ ಚೀಟಿ ಇನ್ನೂ ಮೇಷ್ಟ್ರ ಹೆಬ್ಬೆರಳಿನಡಿ ಇತ್ತು. ಅದನ್ನೂ ಎಳೆದುಕೊಂಡರು. ಮೇಷ್ಟ್ರು ತಡೆಯಲಿಲ್ಲ. ಬನ್ನಿನ ಉಳಿದರ್ಧವನ್ನು ಎತ್ತಿಕೊಂಡು ತಿನ್ನತೊಡಗಿದ್ದರು.

ಹಿಂಬಾಗಿಲಲ್ಲಿ ಲಕೋಟೆಯಕ್ಕ ಗೋಡೆಗೆ ಆತು ನಿಂತಿದ್ದಳು. “ಎಲ್ಲಾ ಕೇಳಿಸ್ತು ಅಕ್ಕಾ,” ಎಂದಳು. “ಈ ಏಳು ಮನೆ ವಿಳಾಸ ನನ್ನ ಪುಸ್ತಕದಿಂದಲೇ ಅಲ್ವಾ ತಗೊಂಡಿರೋದು? ಥೂ, ಇವರು ಕೇಳಿದಾಗಲೆಲ್ಲ ತೆಗೆದು ಕೊಟ್ಟವಳು ನಾನೇ.”

“ಆರಕ್ಕೆ ಈ ಮಾತು ಹೇಳ್ತೀಯಾ?”

ಲಕೋಟೆಯಕ್ಕ ಒಳಬಾಗಿಲಿನತ್ತ ನೋಡಿದಳು. ಕೈಗಂಟಿದ ಅಂಟನ್ನು ಸೀರೆಗೆ ಒರೆಸಿಕೊಳ್ಳುತ್ತ ನಿಂತಳು.

* * *

ಪುಟ್ಟಿ ಮನೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಸಂಜೆಗೆಂದು ತೆಗೆದಿಟ್ಟ ಸೀರೆ. ಸಹಿ ಹಾಕಲು ಹೋದರೂ ಸುಕ್ಕಾದ ಬಟ್ಟೆಯಲ್ಲಿ ಹೋಗಬಾರದು ಎಂದು ಬೆಳಿಗ್ಗೆ ಅವಳೇ ಹೇಳಿದ್ದಳು.

ದೊಡ್ಡಮ್ಮ ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತು ಒಂದೇ ಪದ ಹೇಳಿದರು.

“ಲೈಫ್.”

“ವೈಫ್, ನೈಫ್,” ಎಂದಳು ಪುಟ್ಟಿ, ಇಸ್ತ್ರಿ ನಿಲ್ಲಿಸದೆ, ತಲೆ ಎತ್ತದೆ. ಪದ ಬಾಯಿಂದ ಬಿದ್ದ ಮೇಲೆ ಕೈ ನಿಂತಿತು.

“ಇಸ್ತ್ರಿ ಎತ್ತು. ಸೀರೆ ಸುಡ್ತಿದೆ.”

ಎತ್ತಿದಳು. ಕಂದು ಕಲೆ ಬಿದ್ದಾಗಿತ್ತು. ಇದು ಹೋಗುವ ಕಲೆಯಲ್ಲ ಎಂದು ದೊಡ್ಡಮ್ಮನಿಗೆ ದೂರದಿಂದಲೇ ತಿಳಿಯಿತು.

“ನಾಲ್ಕು ದಿನದಿಂದ ನಿನಗೋಸ್ಕರ ಹೊಲಸಲ್ಲಿ ಕೈ ಆಡಿಸ್ತಿದೀನಿ. ಮೊದಲನೇ ಕಾಗದ ನಿಂದು ಅಂತ ನೀನು ಹೇಳಲಿಲ್ಲ.”

“ಅವರ ಹೆಂಡತಿ ಸತ್ತಿದ್ದು ನನಗೆ ಗೊತ್ತಿರಲಿಲ್ಲ ದೊಡ್ಡಮ್ಮ!” ಪುಟ್ಟಿ ನೆಲಕ್ಕೆ ಕುಸಿದಳು. “ಹಿಂದಿನ ದಿನ ಎಲ್ಲರೆದುರಿಗೆ ನನ್ನ ಪದ್ಯ ಹರಿದು ಕಸದ ಬುಟ್ಟಿಗೆ ಹಾಕಿದ್ದರು. ಚೀಟಿ ಮುಟ್ಟದೆ ಬರೆಯೋರದ್ದು ಪದ್ಯ ಅಲ್ಲ, ಬಿಕ್ಕಳಿಕೆ ಅಂದರು. ಎಲ್ಲರೂ ನಕ್ಕರು. ನನಗೆ ರೋಷ ಬಂತು, ಬರೆದೆ. ಬೆಳಿಗ್ಗೆ ಅಂಚೆಗೆ ಹಾಕಿದೆ. ಮಧ್ಯಾಹ್ನ ಲಕೋಟೆಯಕ್ಕ ಬಂದು, ಮೇಷ್ಟ್ರ ಹೆಂಡತಿ ಹೋಗ್ಬಿಟ್ಟರಂತೆ ಅಂದಳು. ನಾನು ಓಡಿದೆ. ಡಬ್ಬಿ ಖಾಲಿ ಮಾಡ್ಕೊಂಡು ಹೋಗಿದ್ದರು.”

“ಆಮೇಲೆ?”

“ಆಮೇಲೆ ಅವರಿಗೆ ಸಂತಾಪದ ಕಾರ್ಡು ಬರೆಯೋಕೆ ಮಾಲೀಕರು ನನಗೇ ಹೇಳಿದರು. ಬರೆದೆ ದೊಡ್ಡಮ್ಮ. ಚೆನ್ನಾಗಿ ಬರೆದೆ. ಎಲ್ಲರೂ ಹೊಗಳಿದರು.”

ದೊಡ್ಡಮ್ಮ ತಮ್ಮ ತಂಗಿಯ ಮಗಳನ್ನು ನೋಡಿದರು. ಎತ್ತಿ ಆಡಿಸಿದ ಮಗು, ಜ್ವರ ಬಂದಾಗ ಎದೆಗೊರಗಿಸಿಕೊಂಡ ಮಗು. ಕಾರ್ಡ್ ಮನೆಯಲ್ಲಿ ಮೂಗಿಗೆ ಬಡಿದ ಆ ಕಮಟು ತಮ್ಮ ಮನೆಯೊಳಗೂ ಬಂದಂತಾಯಿತು. ತಬ್ಬಿಕೊಳ್ಳಬೇಕು ಎಂದು ಮನಸ್ಸು ಹೇಳಿತು. ಕೈ ಏಳಲಿಲ್ಲ.

“ಅಷ್ಟಕ್ಕೇ ಬಿಟ್ಟೆಯಾ?”

ಪುಟ್ಟಿ ಎದ್ದು ಒಳಗೆ ಹೋದಳು. ಪೆಟ್ಟಿಗೆ ತೆಗೆದ ಸದ್ದಾಯಿತು. ಬಂದಾಗ ಕೈಯಲ್ಲಿ ಅಂಚೆಚೀಟಿ ಹಚ್ಚಿದ ಒಂದು ಲಕೋಟೆ ಇತ್ತು. ಮೂಲೆಗಳು ಮುರುಟಿದ್ದವು.

“ಅವತ್ತು ಸಂಜೆಯೇ ಬರೆದಿದ್ದು. ನಾನೇ ಬರೆದೆ, ತಪ್ಪಾಯ್ತು ಅಂತ. ಕೆಳಗೆ ಸಹಿ ಹಾಕಿದ್ದೀನಿ. ಮೊದಲು ನಾಚಿಕೆ ಆಯ್ತು, ಹಾಕಲಿಲ್ಲ. ಆಮೇಲೆ ಬೇರೆ ಮನೆಗಳಿಗೆ ಕಾಗದ ಹೋಗೋಕೆ ಶುರುವಾಯ್ತು, ಹೆದರಿಕೆ ಆಯ್ತು. ಹನ್ನೊಂದು ತಿಂಗಳಾಯ್ತು.”

“ಇದರಲ್ಲೂ ಪ್ರಾಸ ಇದೆಯಾ?”

“ಇಲ್ಲ ದೊಡ್ಡಮ್ಮ. ಒಂದೂ ಇಲ್ಲ.”

ದೊಡ್ಡಮ್ಮ ಗೋಡೆಗೊರಗಿ ಕೂತರು. ಒಂದು ಕಡೆ ಉಗುರು ಬಿದ್ದ ಚೀಟಿಗಳು, ಇನ್ನೊಂದು ಕಡೆ ಈ ಲಕೋಟೆ. ಮೇಷ್ಟ್ರ ಕ್ರೂರ ನಾಲಿಗೆ ಹೇಳಿದ್ದು ಕಿವಿಯಲ್ಲೇ ಇತ್ತು: ಸಹಿ ಒಂದು ಇಲ್ಲ. ಈ ಲಕೋಟೆ ಇಲ್ಲದಿದ್ದರೆ ಮೇಷ್ಟ್ರ ಜೇಬಿನಲ್ಲಿರುವುದು ಬರೀ ಅನುಮಾನ. ಒಲೆ ಹತ್ತಿರದಲ್ಲೇ ಇದೆ. ಬೆಂಕಿಕಡ್ಡಿ ಅದರ ಪಕ್ಕದಲ್ಲೇ ಇದೆ.

ಹಾಗೆ ಯೋಚನೆ ಬಂದದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಲಾಂಡ್ರಿಯಲ್ಲಿ ಗಿರಾಕಿಗಳು ಕಲೆಯಾದ ಬಟ್ಟೆಯನ್ನು ಮಡಿಕೆಯೊಳಗೆ ಮುಚ್ಚಿ ತಂದಾಗ ಬೈಯುತ್ತಿದ್ದವರು ಇವರೇ ಅಲ್ಲವೇ?

“ಆ ಕವರಿನಲ್ಲಿರೋದು ನಿನ್ನನ್ನ ಬಿಡಿಸತ್ತೆ,” ಎಂದರು. “ನಿನ್ನ ಕೈಲಿರೋದು ಸಿಕ್ಕಿಸತ್ತೆ. ಕಳಿಸಿದರೆ, ಮೇಷ್ಟ್ರ ಕೈಗೆ ನಿನ್ನ ಸಹಿ ನೀನೇ ಕೊಟ್ಟ ಹಾಗೆ. ಎಂಟೂ ನಿಂದೇ ಅಂತಾರೆ.”

“ನೀನೇನು ಹೇಳ್ತೀಯ?”

“ನಾನೇನೂ ಹೇಳಲ್ಲ.”

“ಹಾಗಂದರೆ ಹೇಗೆ ದೊಡ್ಡಮ್ಮ?”

“ನಾನು ಹೇಳಿ ನೀನು ಕಳಿಸಿದರೆ ಅದು ನನ್ನ ಕಾಗದ ಆಗತ್ತೆ. ಹೇಳಿ ನೀನು ಸುಟ್ಟರೆ ಅದೂ ನನ್ನದೇ ಆಗತ್ತೆ. ನನಗೆ ಎರಡೂ ಬೇಡ ಕಣೇ. ಸಾಕಾಗಿದೆ.”

ಪುಟ್ಟಿ ಲಕೋಟೆಯ ಮುರುಟಿದ ಮೂಲೆಗಳನ್ನು ಒಂದೊಂದಾಗಿ ನೇರ ಮಾಡಿದಳು. ಆಮೇಲೆ ಸುಟ್ಟ ಸೀರೆಯನ್ನೇ ಉಟ್ಟು, ಕಲೆ ಒಳಮಡಿಕೆಗೆ ಬರುವ ಹಾಗೆ ನೆರಿಗೆ ಹಿಡಿದಳು. ಬಾಗಿಲವರೆಗೆ ಹೋಗಿ ನಿಂತಳು, ವಾಪಸು ಬಂದಳು, ನೆರಿಗೆ ಬಿಚ್ಚಿ, ಕಲೆ ಮೇಲೆ ಕಾಣುವ ಹಾಗೆ ಮತ್ತೆ ಉಟ್ಟಳು.

“ಬಾ,” ಎಂದಳು.

ಅಂಚೆ ಕಚೇರಿ ಕಾರ್ಡ್ ಮನೆಯ ಬೀದಿಯಲ್ಲೇ ಇತ್ತು. ಕಿಟಕಿಯ ಹಿಂದೆ ಕೂತ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿದ.

“ಕಳಿಸೋರ ಹೆಸರೇ ಇಲ್ವಲ್ಲಮ್ಮ.”

ಪುಟ್ಟಿ ದಾರಕ್ಕೆ ಕಟ್ಟಿದ್ದ ಲೇಖನಿ ಎಳೆದುಕೊಂಡಳು. ತನ್ನ ಹೆಸರು, ತಂದೆಯ ಹೆಸರು, ಮನೆ ನಂಬರು, ಬೀದಿ, ಎಲ್ಲವನ್ನೂ ದುಂಡಗೆ ಬರೆದಳು. ದೊಡ್ಡಮ್ಮ ಗೋಡೆಯ ಗಡಿಯಾರ ನೋಡಿದರು. ಐದು ಇಪ್ಪತ್ತು. ನಾಳೆ ಬೆಳಿಗ್ಗೆ ಕಾಗದ ಮೇಷ್ಟ್ರ ಕೈ ಸೇರುವಷ್ಟರಲ್ಲಿ ಇವತ್ತಿನ ಆರು ಗಂಟೆ ಕಳೆದಿರುತ್ತದೆ, ಚೀಟಿಗಳು ತಮ್ಮ ಕೆಲಸ ಮಾಡಿರುತ್ತವೆ. ಅಷ್ಟು ಮಾತ್ರ ಅವರು ಒಳಗೊಳಗೇ ಲೆಕ್ಕ ಹಾಕಿದ್ದರು.

ಗುಮಾಸ್ತ ವಿಳಾಸ ಓದಿದ. “ಕಾರ್ಡ್ ಮನೆಗಾ? ಇಲ್ಲೇ ನಾಲ್ಕು ಬಾಗಿಲು ಆಚೆ. ಐದೂವರೆ ಬಟವಾಡೆಗೆ ಹಾಕ್ತೀನಿ, ಇನ್ನು ಹತ್ತು ನಿಮಿಷಕ್ಕೆ ಅವರ ಕೈಲಿರತ್ತೆ.”

ದೊಡ್ಡಮ್ಮನ ಕೈ ಪುಟ್ಟಿಯ ತೋಳನ್ನು ಹಿಡಿಯಿತು.

ಗುಮಾಸ್ತ ಇಬ್ಬರ ಮುಖವನ್ನೂ ನೋಡಿದ. “ಅವಸರ ಇಲ್ಲ ಅಂದರೆ ಹೇಳಿ. ನಾಳೆ ಚೀಲಕ್ಕೆ ಹಾಕ್ತೀನಿ. ನನಗೇನು?”

ಪುಟ್ಟಿ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಇವತ್ತೇ ಹೋಗಲಿ,” ಎಂದಳು.

ಗುಮಾಸ್ತ ಮುದ್ರೆ ಎತ್ತಿ ಗುದ್ದಿ, ಲಕೋಟೆಯನ್ನು ಸೈಕಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಂಚೆಯವನ ಕೈಗೆ ಕೊಟ್ಟ.